ಒಂದೇ ದೇಹದಲ್ಲಿ ಎರಡು ಕಾಯಿಲೆ



ಸಕ್ಕರೆ ಕಾಯಿಲೆ, ರಕ್ತದೊತ್ತಡದ ಬಗ್ಗೆ ಎಲ್ಲ ವೈದ್ಯರೂ ಹೇಳುತ್ತಾರೆ. ನಾನು ಇಂದು ನನ್ನಿಂದಲೇ ತಪ್ಪಾದ ಒಂದು ಪ್ರಸಂಗವನ್ನು ಹೇಳುತ್ತೇನೆ.

ಬಿ.ಎಸ್ಸಿ. ಓದುತ್ತಿದ್ದ ಒಬ್ಬ ಹುಡುಗಿಗೆ ಲೂಪಸ್ ಇತ್ತು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಕೀಲು ನೋವು, ಕೆನ್ನೆಯ ಮೇಲೆ ಚಿಟ್ಟೆಯಾಕಾರದ ಕೆಂಪು, ಕೆಲವರಲ್ಲಿ ಮೂತ್ರಪಿಂಡಕ್ಕೂ ಪೆಟ್ಟು. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರೇ. ಔಷಧಿಯಿಂದ ಅವಳ ಕೀಲು ನೋವು ಇಳಿಯಿತು, ಮೂತ್ರ ಪರೀಕ್ಷೆಯೂ ಸರಿಯಾಗಿಯೇ ಬಂತು. ಆದರೆ ಹಿಮೋಗ್ಲೋಬಿನ್ 7ರಿಂದ ಮೇಲೇಳಲಿಲ್ಲ. ಸುಸ್ತು, ಬಾಯಿಹುಣ್ಣು ಹೋಗಲಿಲ್ಲ, ತೂಕ ಇಳಿಯುತ್ತಲೇ ಇತ್ತು. ಇವೆಲ್ಲ ಲೂಪಸ್‌ನಲ್ಲಿಯೂ ಬರುವಂಥವೇ ಆದ್ದರಿಂದ ನಾನು ಸ್ಟೀರಾಯ್ಡ್ ಹೆಚ್ಚಿಸಿದೆ. ಕಬ್ಬಿಣಾಂಶದ ಮಾತ್ರೆ ಬದಲಿಸಿದೆ. "ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ ನೀನು" ಎಂದು ಗದರಿದ್ದೂ ಉಂಟು.

ಒಂದು ದಿನ ಅವಳ ತಾಯಿ, "ಡಾಕ್ಟ್ರೇ, ಚಪಾತಿ ತಿಂದ ದಿನ ಇವಳಿಗೆ ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ" ಎಂದರು. ಮಗಳಿಗೆ ಶಕ್ತಿ ಬರಲೆಂದು ಆ ತಾಯಿ ಅನ್ನ ಬಿಡಿಸಿ ಮೂರು ಹೊತ್ತೂ ಗೋಧಿಯನ್ನೇ ಕೊಡುತ್ತಿದ್ದರು! ರಕ್ತಪರೀಕ್ಷೆ ಮಾಡಿಸಿ, ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಚೂರು ತೆಗೆಸಿ ನೋಡಿದಾಗ ಸೀಲಿಯಾಕ್ ಕಾಯಿಲೆ ಖಚಿತವಾಯಿತು.

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಇಂಥವರ ದೇಹಕ್ಕೆ ಹೊಂದುವುದಿಲ್ಲ. ಕರುಳಿನ ಒಳಪದರ ಸವೆಯುತ್ತದೆ. ಹೀರಿಕೊಳ್ಳುವ ಜಾಗವೇ ಸವೆದಮೇಲೆ ಕಬ್ಬಿಣದ ಮಾತ್ರೆ ನುಂಗಿ ಏನು ಫಲ? ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಅವರಿಗೆ ಗೋಧಿಯ ಮೇಲೆ ಮೊದಲೇ ಅನುಮಾನವಿತ್ತು. 1944-45ರ ಕ್ಷಾಮದಲ್ಲಿ ಬ್ರೆಡ್ ಸಿಗದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ ಮರಳಿದಾಗ ಮತ್ತೆ ಹಾಸಿಗೆ ಹಿಡಿದರು. 1950ರಲ್ಲಿ ಡಿಕ್ಕೆ ಇದರ ಮೇಲೆ ಪ್ರಬಂಧ ಬರೆದರು.

ಲೂಪಸ್ ಮತ್ತು ಸೀಲಿಯಾಕ್ ಒಬ್ಬರಲ್ಲೇ ಬರುವುದು ಅಪರೂಪ. ಆದರೂ ಕೆಲವು ವಂಶವಾಹಿಗಳು ಎರಡಕ್ಕೂ ದಾರಿಮಾಡಿಕೊಡುತ್ತವೆ.

ಗೋಧಿ ಬಿಡಿಸಿದೆವು. ರಾಗಿ, ಜೋಳ, ಅಕ್ಕಿ ಇರುವ ನಮ್ಮ ನಾಡಿನಲ್ಲಿ ಊಟಕ್ಕೆ ಕಷ್ಟವಿಲ್ಲ. ತೊಂದರೆಯಿರುವುದು ಮರೆತುಹೋಗುವ ಕಡೆಗಳಲ್ಲಿ: ರವೆ, ಬಿಸ್ಕತ್ತು, ಹಲೀಮ್, ಗೋಧಿಹಿಟ್ಟು ಬೆರೆಸಿದ ಅಂಗಡಿಯ ಇಂಗು. ಹಬ್ಬದ ದಿನ ಶೀರ್ ಖುರ್ಮಾ ಬೇಡವೆಂದರೆ ನೆಂಟರು ಮುನಿಸಿಕೊಳ್ಳುತ್ತಾರಂತೆ. ತಾಯಿ ಈಗ ಅಕ್ಕಿ ಶಾವಿಗೆಯಲ್ಲೇ ಮಾಡುತ್ತಾರೆ. ಎಂಟು ತಿಂಗಳಲ್ಲಿ ಹಿಮೋಗ್ಲೋಬಿನ್ 11 ದಾಟಿತು, ಸ್ಟೀರಾಯ್ಡ್ ಇಳಿಸಿದೆ. ಲೂಪಸ್ ಮಾತ್ರೆ ನಿಲ್ಲಿಸಿಲ್ಲ, ಗೋಧಿ ಬಿಟ್ಟರೆ ಲೂಪಸ್ ವಾಸಿಯಾಗುವುದಿಲ್ಲ.

ಇದನ್ನು ಕೇಳಿ ಮನೆಗೆ ಹೋಗಿ ಯಾರೂ ಗೋಧಿ ಬಿಡಬೇಡಿ. ಬಿಟ್ಟಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಕಾಯಿಲೆ ಕಾಣದೆ ಹೋಗಬಹುದು. ಅನುಮಾನವಿದ್ದರೆ ಪರೀಕ್ಷೆ ಮೊದಲು.

ಆ ಹುಡುಗಿ ನಿಂತುಹೋಗಿದ್ದ ಕೊನೆಯ ವರ್ಷದ ಪರೀಕ್ಷೆ ಬರೆದಳು. ಪ್ರಶ್ನೆಗಳಿದ್ದರೆ ಕೇಳಿ, ಇನ್ನೂ ಸಮಯವಿದೆ.