ಕರೆಂಟಿನ ಸಾಮಾನು: ನೋಡಿ ಕೊಳ್ಳಿರಿ, ಓದಿ ಕೊಳ್ಳಿರಿ

(ಶಾಂತಿನಗರದ ಕಲಿಕಾ ಕೇಂದ್ರದಲ್ಲಿ ನವಸಾಕ್ಷರರ ಮುಂದೆ ಆಡಿದ ಮಾತು)



ನೀವು ಈಗ ಓದಲು ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದುತ್ತೀರಿ. ರೇಷನ್ ಕಾರ್ಡು ಓದುತ್ತೀರಿ. ಅಂಕಿ ಕೂಡಿಸುತ್ತೀರಿ, ಕಳೆಯುತ್ತೀರಿ. ಈ ಓದನ್ನು ಇವತ್ತು ಇನ್ನೊಂದು ಕಡೆಗೆ ಒಯ್ಯೋಣ. ಎಲ್ಲಿಗೆ? ಕರೆಂಟಿನ ಸಾಮಾನು ಮಾರುವ ಅಂಗಡಿಗೆ.

ಒಂದು ಮಾತು ಕೇಳುತ್ತೇನೆ. ಗದ್ವಾಲದ ಸೀರೆ ಕೊಳ್ಳುವಾಗ ಏನು ಮಾಡುತ್ತೀರಿ? ಸೆರಗು ಬಿಚ್ಚಿ ನೋಡುತ್ತೀರಿ. ಜರಿ ಮುಟ್ಟಿ ನೋಡುತ್ತೀರಿ. ಅಂಚು ಗಟ್ಟಿ ಕೂತಿದೆಯೋ ಇಲ್ಲವೋ ಎಳೆದು ನೋಡುತ್ತೀರಿ. ಅಂಗಡಿಯವನು ಹೇಳಿದ್ದನ್ನು ನಂಬುವುದಿಲ್ಲ. ಅದೇ ನಾವು ವೈರು ಕೊಳ್ಳಲು ಹೋದರೆ? "ಒಂದು ಸುತ್ತು ವೈರು ಕೊಡ್ರಿ, ಕಡಿಮೆ ರೇಟಿಂದು" ಅಂತೀವಿ. ಅವರು ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬರ್ತೀವಿ. ಸೀರೆ ಕೆಟ್ಟದ್ದಾದರೆ ದುಡ್ಡು ಹೋಗುತ್ತದೆ. ವೈರು ಕೆಟ್ಟದ್ದಾದರೆ ಜೀವವೇ ಹೋಗಬಹುದು.

ಇದು ಹೆದರಿಸುವ ಮಾತಲ್ಲ. ನಮ್ಮ ದೇಶದಲ್ಲಿ ಕರೆಂಟು ಹೊಡೆದು ವರ್ಷಕ್ಕೆ 10,000ಕ್ಕಿಂತ ಹೆಚ್ಚು ಜನ ಸಾಯುತ್ತಾರೆ. ಸರ್ಕಾರದ ಲೆಕ್ಕವೇ ಹಾಗೆ ಹೇಳುತ್ತದೆ. ಕರೆಂಟೇನು ನಮಗೆ ದೂರದ್ದಲ್ಲ. ಜುರಾಲದ ಅಣೆಕಟ್ಟಿನಲ್ಲಿ ಕೃಷ್ಣೆಯ ನೀರಿನಿಂದ ತಯಾರಾಗುತ್ತದೆ. ಹೊಳೆಯ ಮೇಲ್ಗಡೆ, ರಾಯಚೂರಿನ ಹತ್ತಿರ ಶಕ್ತಿನಗರದಲ್ಲಿ ಕಲ್ಲಿದ್ದಲಿನಿಂದ ತಯಾರಾಗುತ್ತದೆ. ಮನೆಗೆ ಬರುವುದು 230 ವೋಲ್ಟ್. ಹೊಲದ ಮೂರು ಫೇಸಿನ ಮೋಟಾರಿಗೆ ಬರುವುದು 415 ವೋಲ್ಟ್. ಎರಡೂ ಮನುಷ್ಯನನ್ನು ಕೊಲ್ಲಲು ಸಾಕು.

ಮನೆಗೆ ಹೊಸದಾಗಿ ವೈರಿಂಗ್ ಮಾಡುವುದು ಲೈಸೆನ್ಸ್ ಇದ್ದವರ ಕೆಲಸ. ಅದನ್ನು ನೀವು ಮಾಡಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಸಾಮಾನು ತರುವವರು ನೀವೇ ತಾನೆ? ಹೋಲ್ಡರ್ ಬದಲಿಸುವುದು, ಪ್ಲಗ್ಗಿಗೆ ವೈರು ಹಾಕುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಅದಕ್ಕೆ ಏನು ಬೇಕು, ಯಾವುದು ಬೇಕು, ಅದಷ್ಟನ್ನು ಹೇಳುತ್ತೇನೆ.

ಮೊದಲು ಕಟಿಂಗ್ ಪ್ಲೇಯರ್. ಇಕ್ಕಳದ ಹಾಗೆ ಹಿಡಿಯುತ್ತದೆ, ವೈರನ್ನೂ ಕತ್ತರಿಸುತ್ತದೆ. ಅದರ ಹಿಡಿಕೆಗೆ ಕೆಂಪು ಇಲ್ಲವೆ ಹಸಿರು ಪ್ಲಾಸ್ಟಿಕ್ ಹಾಕಿರುತ್ತಾರೆ. ಬಹಳ ಜನ ಏನು ತಿಳಿಯುತ್ತಾರೆ ಎಂದರೆ, ಪ್ಲಾಸ್ಟಿಕ್ ಇದೆ, ಇನ್ನು ಕರೆಂಟು ಹೊಡೆಯುವುದಿಲ್ಲ. ಇದು ತಪ್ಪು. ಸಂತೆಯಲ್ಲಿ ಸಿಗುವ ಅಗ್ಗದ ಪ್ಲೇಯರಿನ ಪ್ಲಾಸ್ಟಿಕ್ಕು ಕೈ ಜಾರದಿರಲಿ ಎಂದು ಹಾಕಿದ್ದು ಅಷ್ಟೆ. ಕರೆಂಟು ತಡೆಯುತ್ತದೆ ಎಂದು ಅದನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಪರೀಕ್ಷೆ ಮಾಡಿದ ಪ್ಲೇಯರಿಗೆ ಒಂದು ಗುರುತು ಇರುತ್ತದೆ. ಒಂದಕ್ಕೊಂದು ಹತ್ತಿಕೊಂಡ ಎರಡು ತ್ರಿಕೋನ. ಅದರ ಪಕ್ಕದಲ್ಲಿ 1000 ವೋಲ್ಟ್ ಎಂದು ಬರೆದಿರುತ್ತದೆ. ಆ ಎರಡು ತ್ರಿಕೋನ ಹುಡುಕಿರಿ. ತಿರುಪು ತಿರುಗಿಸುವ ಸ್ಕ್ರೂ ಡ್ರೈವರಿಗೂ ಇದೇ ಗುರುತು ಇರುತ್ತದೆ. ಗುರುತು ಇದ್ದರೂ ಪ್ಲಾಸ್ಟಿಕ್ಕು ಸೀಳಿದ್ದರೆ, ಸುಟ್ಟಿದ್ದರೆ ಅದು ಕೆಲಸಕ್ಕೆ ಬಾರದು. ಅದರ ಮೇಲೆ ಟೇಪು ಸುತ್ತಿ ಮತ್ತೆ ಬಳಸಬೇಡಿ. ಇನ್ನೊಂದು ಮಾತು. ಎಂಥ ಒಳ್ಳೆಯ ಪ್ಲೇಯರ್ ಇದ್ದರೂ ಮೇನ್ ಸ್ವಿಚ್ ಆರಿಸಿಯೇ ಕೈ ಹಾಕಬೇಕು.

ಆಮೇಲೆ ಟೆಸ್ಟರ್. ಇದು ಸಣ್ಣದು, ಅಗ್ಗದ್ದು. ಆದರೆ ಇದನ್ನು ನಂಬಿ ಮೋಸ ಹೋದವರು ಬಹಳ. ಟೆಸ್ಟರಿನೊಳಗೆ ಒಂದು ಪುಟ್ಟ ದೀಪ ಇದೆ. ದೀಪದ ಜೊತೆಗೆ ಕರೆಂಟನ್ನು ತಡೆದು ತಡೆದು ಬಿಡುವ ಒಂದು ತುಂಡು ಇದೆ. ಅದಕ್ಕೆ ರೆಸಿಸ್ಟರ್ ಎನ್ನುತ್ತಾರೆ. ಆ ತುಂಡು ಇರುವುದರಿಂದಲೇ ನಮ್ಮ ಬೆರಳಿಗೆ ಹೊಡೆತ ಬೀಳುವುದಿಲ್ಲ. ಟೆಸ್ಟರ್ ನೀರಿನಲ್ಲಿ ಬಿದ್ದರೆ, ಒಳಗೆ ತೇವ ಸೇರಿದರೆ, ಆ ಕಾವಲು ಹೋಯಿತು. ಅಂಥದ್ದನ್ನು ಬಿಸಾಕಿರಿ. ಇನ್ನು ದೀಪ ಹತ್ತಲಿಲ್ಲ ಎಂದರೆ ಕರೆಂಟು ಇಲ್ಲ ಎಂದು ಅರ್ಥವೇ? ಅಲ್ಲ. ಟೆಸ್ಟರೇ ಕೆಟ್ಟಿರಬಹುದು. ಹೊಲದ ಬಿಸಿಲಿನಲ್ಲಿ ಆ ಸಣ್ಣ ಬೆಳಕು ಕಾಣದೆ ಇರಬಹುದು. ಅದಕ್ಕೇ ತಿಳಿದವರು ಮೂರು ಸಲ ನೋಡುತ್ತಾರೆ. ಮೊದಲು ಕರೆಂಟು ಇರುವ ಕಡೆ ಹಚ್ಚಿ, ಟೆಸ್ಟರ್ ಸರಿ ಇದೆಯೇ ನೋಡಬೇಕು. ಆಮೇಲೆ ಕೆಲಸ ಮಾಡುವ ಕಡೆ ನೋಡಬೇಕು. ಮತ್ತೆ ಮೊದಲಿನ ಕಡೆಗೆ ಹೋಗಿ ನೋಡಬೇಕು. ಇದಕ್ಕೆ ಒಂದು ನಿಮಿಷ ಸಾಕು. ಟೆಸ್ಟರಿನಿಂದ ದೊಡ್ಡ ತಿರುಪು ತಿರುಗಿಸಬೇಡ್ರಿ. ಒಳಗಿನ ಗಾಜು ಒಡೆಯುತ್ತದೆ.

ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ಎಳೆಯುವುದು ನಮ್ಮಲ್ಲಿ ಇದೆ. ಹಲ್ಲೂ ಹಾಳು, ಒಳಗಿನ ಎಳೆಗಳೂ ಹರಿಯುತ್ತವೆ. ಸ್ಟ್ರಿಪ್ಪರ್ ಎಂಬ ಸಣ್ಣ ಸಾಮಾನು ಸಿಗುತ್ತದೆ, ಅದನ್ನು ತನ್ನಿರಿ. ಏಣಿ ಬಿದಿರಿನದ್ದು ಇಲ್ಲವೆ ಕಟ್ಟಿಗೆಯದ್ದು ಇರಲಿ. ಕಬ್ಬಿಣದ್ದೂ ಬೇಡ, ಅಲ್ಯುಮಿನಿಯಂದೂ ಬೇಡ. ಪಾತ್ರೆ ತೊಳೆಯುವ ರಬ್ಬರ್ ಕೈಚೀಲ ಕರೆಂಟಿನ ಕೆಲಸಕ್ಕೆ ಆಗುವುದಿಲ್ಲ. ಕರೆಂಟಿನ ಕೆಲಸದ ಕೈಚೀಲದ ಮೇಲೆ ಎಷ್ಟು ವೋಲ್ಟ್ ಎಂದು ಬರೆದೇ ಇರುತ್ತದೆ.

ಈಗ ವೈರಿಗೆ ಬರೋಣ. ನಮ್ಮ ಕಷ್ಟ ಇರುವುದು ಇಲ್ಲೇ. ನಮ್ಮದು ಗಡಿನಾಡು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಡಬ್ಬದ ಮೇಲೆ ಇಂಗ್ಲಿಷ್. ಕನ್ನಡ ಕಲಿತರೂ ಡಬ್ಬ ಓದಲು ಬರುವುದಿಲ್ಲವಲ್ಲ ಎಂದು ಅನ್ನಿಸಬಹುದು. ಆದರೆ ನೋಡ್ರಿ, ಅಂಗಡಿಯ ಡಬ್ಬದ ಮೇಲಿನ ಅಂಕಿ ನೀವು ಲೆಕ್ಕದಲ್ಲಿ ಕಲಿತ 1, 2, 3, 4 ತಾನೆ? ಅದಕ್ಕೆ ಭಾಷೆ ಇಲ್ಲ. ವೈರಿನ ಮುಖ್ಯ ಸಂಗತಿ ಎಲ್ಲ ಅಂಕಿಯಲ್ಲೇ ಇದೆ. ಇಂಗ್ಲಿಷಿನ ನಾಲ್ಕೈದು ಅಕ್ಷರ ಗೊತ್ತಾದರೆ ಸಾಕು. ಅವನ್ನು ನಿಮ್ಮ ಕೇಂದ್ರದ ಬೋಧಕರಿಂದ ಹಲಗೆಯ ಮೇಲೆ ಬರೆಸಿಕೊಳ್ಳಿರಿ.

ಮೊದಲು ಐ ಎಸ್ ಐ ಗುರುತು ನೋಡಿರಿ. ಗುರುತಿನ ಮೇಲ್ಗಡೆ ಒಂದು ನಂಬರು ಇರಬೇಕು. ಮನೆಯ ವೈರಿಗೆ ಅದು 694. ಗುರುತಿನ ಕೆಳಗೆ ಸಿ ಎಂ ಎಲ್ ಎಂಬ ಅಕ್ಷರಗಳ ಮುಂದೆ ಉದ್ದನೆಯ ನಂಬರು ಇರಬೇಕು. ಅದು ತಯಾರು ಮಾಡಿದವರ ಲೈಸೆನ್ಸ್ ನಂಬರು. ಬರೀ ಐ ಎಸ್ ಐ ಎಂದು ಅಚ್ಚು ಹಾಕಿ, ಮೇಲೂ ನಂಬರಿಲ್ಲ, ಕೆಳಗೂ ನಂಬರಿಲ್ಲ ಎಂದರೆ ಅದನ್ನು ಕೊಳ್ಳಬೇಡಿ. ಮನೆಯಲ್ಲಿ ಮಕ್ಕಳ ಹತ್ತಿರ ದೊಡ್ಡ ಫೋನು ಇದ್ದರೆ, ಅದರಲ್ಲಿ ಬಿ ಐ ಎಸ್ ಕೇರ್ ಎಂಬ ಆ್ಯಪು ಹಾಕಿಸಿರಿ. ಲೈಸೆನ್ಸ್ ನಂಬರು ಒತ್ತಿದರೆ ಅದು ಯಾರದ್ದು, ಖರೆಯೋ ಸುಳ್ಳೋ ತೋರಿಸುತ್ತದೆ. ನೀವು ಅಂಗಡಿಯಲ್ಲಿ ನಿಂತು ಹೀಗೆ ನೋಡಿದರೆ ಕೆಲವರಿಗೆ ಸಿಟ್ಟು ಬರಬಹುದು. ಬರಲಿ. ದುಡ್ಡು ನಿಮ್ಮದು.

ಎರಡನೆಯದು ವೈರಿನ ದಪ್ಪ. ಸುತ್ತಿನ ಮೇಲೂ ವೈರಿನ ಮೈಮೇಲೂ ಅಚ್ಚು ಹಾಕಿರುತ್ತಾರೆ. 1.5, 2.5, 4 ಹೀಗೆ. ಇದು ಚದರ ಮಿಲಿಮೀಟರಿನ ಲೆಕ್ಕ. ದೀಪ, ಫ್ಯಾನು, ಟಿವಿ ಇವಕ್ಕೆ 1.5 ಸಾಕು. ಫ್ರಿಜ್ಜು, ನೀರು ಕಾಯಿಸುವ ರಾಡು ಹಾಕುವ ದೊಡ್ಡ ಪ್ಲಗ್ಗಿಗೆ 4 ಇದ್ದರೆ ಒಳ್ಳೆಯದು. 2.5ಕ್ಕಿಂತ ಕಡಿಮೆ ಮಾತ್ರ ಬೇಡ. ಸಣ್ಣ ವೈರಿನಲ್ಲಿ ದೊಡ್ಡ ಸಾಮಾನು ಓಡಿಸಿದರೆ ವೈರು ಕಾಯುತ್ತದೆ. ಮೇಲಿನ ಪ್ಲಾಸ್ಟಿಕ್ಕು ಕರಗುತ್ತದೆ. ಗೋಡೆಯೊಳಗೆ ಏನಾಗುತ್ತಿದೆ ಎಂದು ನಮಗೆ ಕಾಣುವುದೇ ಇಲ್ಲ, ಒಂದು ದಿನ ಬೆಂಕಿ ಕಂಡಾಗಲೇ ಗೊತ್ತಾಗುವುದು.

ಇಲ್ಲಿ ನೀವು ಕಲಿತ ಭಾಗಾಕಾರ ಬೇಕು. ನೀರು ಕಾಯಿಸುವ ರಾಡಿನ ಮೇಲೆ 1500 ವ್ಯಾಟ್ ಎಂದಿದೆ ಎನ್ನಿ. 1500ನ್ನು 230ರಿಂದ ಭಾಗಿಸಿರಿ. ಆರೂವರೆ ಬರುತ್ತದೆ. ಅಂದರೆ ಆ ರಾಡು ಆರೂವರೆ ಆಂಪಿಯರ್ ಕರೆಂಟು ಎಳೆಯುತ್ತದೆ. ಸಣ್ಣ ಪ್ಲಗ್ಗಿನ ಮೇಲೆ 6 ಎಂದು ಬರೆದಿರುತ್ತದೆ. ದೊಡ್ಡದರ ಮೇಲೆ 16. ಈಗ ಹೇಳಿರಿ, ರಾಡನ್ನು ಎಲ್ಲಿ ಹಾಕಬೇಕು? ಹೌದು, 16ರಲ್ಲೇ.

ಮೂರನೆಯದು ಒಳಗಿನ ತಂತಿ. ತಾಮ್ರದ ವೈರು ಎಂದು ಹೇಳಿ, ಅಲ್ಯುಮಿನಿಯಂ ತಂತಿಗೆ ತಾಮ್ರದ ನೀರು ಕುಡಿಸಿ ಮಾರುವವರು ಇದ್ದಾರೆ. ಒಂದು ಎಳೆ ತೆಗೆದುಕೊಂಡು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರ ಅಲ್ಲ. ಖರೆ ತಾಮ್ರ ಎಷ್ಟು ಕೆರೆದರೂ ಕೆಂಪೇ.

ಬಣ್ಣದ ಮಾತು ಬೇಗ ಹೇಳಿ ಮುಗಿಸುತ್ತೇನೆ. ಕೆಂಪು ಎಂದರೆ ಫೇಸ್. ಕಪ್ಪು ಎಂದರೆ ನ್ಯೂಟ್ರಲ್. ಹಸಿರು ಎಂದರೆ ಅರ್ತ್. ಮೂರು ಫೇಸ್ ಇದ್ದರೆ ಕೆಂಪು, ಹಳದಿ, ನೀಲಿ. ಕೆಂಪು ವೈರು ಮುಗಿಯಿತು, ಹಸಿರೇ ಹಾಕಿಬಿಡು ಎನ್ನಬೇಡಿ. ಐದು ವರ್ಷದ ಮೇಲೆ ಬೇರೊಬ್ಬ ಹುಡುಗ ಬಂದು, ಹಸಿರಲ್ಲವೇ ಎಂದು ಮುಟ್ಟಿಯಾನು.

ಹೊಸ ಮನೆ ಕಟ್ಟುವವರು ಎಂ ಸಿ ಬಿ ಹಾಕಿಸುತ್ತಾರೆ. ಒಳ್ಳೆಯದು. ಹೆಚ್ಚು ಕರೆಂಟು ಹರಿದರೆ ಅದು ತಾನೇ ಬೀಳುತ್ತದೆ. ಆದರೆ ಅದು ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಬೇರೆ ಇದೆ. ಅದರ ಹೆಸರು ಆರ್ ಸಿ ಸಿ ಬಿ. ನಿಮ್ಮ ಮೈಯಿಂದ ನೆಲಕ್ಕೆ ಕರೆಂಟು ಸೋರಿದರೆ ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಆರಿಸುತ್ತದೆ. ಅದರ ಮೇಲೆ 30 ಎಂಬ ಅಂಕಿ ನೋಡಿ ತರಬೇಕು. 30 ಮಿಲಿ ಆಂಪಿಯರ್ ಎಂದು ಅದರ ಅರ್ಥ. 100 ಅಥವಾ 300 ಎಂದು ಇದ್ದರೆ ಅದು ಜೀವ ಕಾಯುವುದಕ್ಕೆ ಅಲ್ಲ. ಬೆಲೆ ಜಾಸ್ತಿ, ನಿಜ. ಮನೆಯ ಮುಂದೆ ಟೈಲ್ಸ್ ಹಾಕಿಸುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಇದನ್ನು ತರಬಹುದು ಎಂದು ನನ್ನ ಅಭಿಪ್ರಾಯ.

ಅಕ್ಕಂದಿರಿಗೆ ಒಂದು ಮಾತು. ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟುತ್ತೀರಿ. ಒಂದು ತುದಿ ತಗಡಿನ ಮನೆಗೆ, ಇನ್ನೊಂದು ತುದಿ ಕರೆಂಟಿನ ಸರ್ವೀಸ್ ವೈರು ಬರುವ ಪೈಪಿಗೆ. ಗಾಳಿಗೆ ಸರ್ವೀಸ್ ವೈರು ಉಜ್ಜಿ ಉಜ್ಜಿ ಸೀಳುತ್ತದೆ. ಆಗ ತಂತಿಗೂ ಕರೆಂಟು, ತಗಡಿಗೂ ಕರೆಂಟು. ಒದ್ದೆ ಸೀರೆ ಹಾಕಲು ಹೋದವರು ಅಲ್ಲೇ ಉಳಿಯುತ್ತಾರೆ. ಬಿಡಿಸಲು ಹೋದವರಿಗೂ ಅದೇ ಗತಿ. ತಂತಿ ತೆಗೆದುಹಾಕಿ ಇವತ್ತೇ ನೈಲಾನ್ ಹಗ್ಗ ಕಟ್ಟಿರಿ. ಇದಕ್ಕಿಂತ ಅಗ್ಗದ ಕರೆಂಟಿನ ಸಾಮಾನು ಇನ್ನೊಂದಿಲ್ಲ.

ಇನ್ನು ಹೊಲದ ಮೋಟಾರು. ನಮ್ಮ ಕಡೆ ಹತ್ತಿ, ಮೆಣಸಿನಕಾಯಿಗೆ ನೀರು ಹಾಯಿಸುವವರು ಬಹಳ. ಫ್ಯೂಸ್ ಹೋದಾಗ ಏನು ಮಾಡುತ್ತಾರೆ? ಸೆಂಟ್ರಿಂಗ್ ಕೆಲಸದ ಬೈಂಡಿಂಗ್ ತಂತಿ ಸುತ್ತುತ್ತಾರೆ. ಅಣ್ಣಾ, ಫ್ಯೂಸ್ ತಂತಿ ಇರುವುದೇ ಸುಟ್ಟುಹೋಗಲಿಕ್ಕೆ. ಅದು ಸುಟ್ಟರೆ ಮೋಟಾರು ಉಳಿಯುತ್ತದೆ. ದಪ್ಪ ತಂತಿ ಹಾಕಿದರೆ ಫ್ಯೂಸ್ ಉಳಿಯುತ್ತದೆ, ಮೋಟಾರು ಸುಡುತ್ತದೆ. 5 ಎಚ್‌ಪಿ ಮೋಟಾರು ಓಡುವಾಗ ಎಳೆಯುವುದು ಸುಮಾರು 8 ಆಂಪಿಯರ್. ಶುರುವಾಗುವಾಗ ಸ್ವಲ್ಪ ಹೊತ್ತು ಅದರ ಕೆಲವು ಪಟ್ಟು ಎಳೆಯುತ್ತದೆ. ಎರಡನ್ನೂ ತಿಳಿದು ಫ್ಯೂಸ್ ತಂತಿ ಕೊಡುವವರು ಬಲ್ಲ ಮೆಕ್ಯಾನಿಕ್. ಅವರಿಂದಲೇ ಅಳತೆಯ ತಂತಿ ತರಿಸಿ ಸ್ಟಾರ್ಟರ್ ಡಬ್ಬದ ಹತ್ತಿರ ಒಣ ಡಬ್ಬಿಯಲ್ಲಿ ಇಟ್ಟುಕೊಳ್ಳಿರಿ. ಬೋರು ಆಳವಾದಷ್ಟು ಕೇಬಲ್ ದಪ್ಪ ಇರಬೇಕು. ತೆಳು ಕೇಬಲ್ ಹಾಕಿದರೆ ಕೆಳಗೆ ಹೋಗುವಷ್ಟರಲ್ಲಿ ವೋಲ್ಟ್ ಇಳಿಯುತ್ತದೆ, ಮೋಟಾರು ಬಿಸಿಯಾಗುತ್ತದೆ.

ಆಟೋ ಸ್ಟಾರ್ಟರ್ ಇದ್ದವರು ಜಾಗ್ರತೆ. ಕರೆಂಟು ಹೋಗಿದೆ ಎಂದು ಕೈ ಹಾಕಿರುತ್ತೀರಿ. ಕರೆಂಟು ಬಂದ ಕೂಡಲೆ ಅದು ಯಾರನ್ನೂ ಕೇಳದೆ ಮೋಟಾರು ಹಚ್ಚುತ್ತದೆ. ಮೊದಲು ಮೇನ್ ಕೆಳಗೆ ಎಳೆಯಿರಿ.

ಟ್ರಾನ್ಸ್‌ಫಾರ್ಮರ್ ಮಾತ್ರ ನಮ್ಮದಲ್ಲ. ಅದಕ್ಕೆ ತಕ್ಕ ಪ್ಲೇಯರ್ ಯಾವುದು, ಕೈಚೀಲ ಯಾವುದು ಎಂದು ಕೇಳಬೇಡಿ. ಅಲ್ಲಿ ಮೇಲಿನ ಲೈನಿನಲ್ಲಿ 11,000 ವೋಲ್ಟ್ ಇರುತ್ತದೆ. ಬೆಳೆ ಒಣಗುತ್ತದೆ, ಲೈನ್‌ಮ್ಯಾನ್ ಬರಲಿಲ್ಲ, ಎಲ್ಲ ಖರೆ. ಆ ಸಂಕಟ ನನಗೂ ಗೊತ್ತು. ಆದರೂ ಹತ್ತಬೇಡಿ. 1912ಕ್ಕೆ ಫೋನು ಮಾಡಿರಿ. ದೂರಿನ ನಂಬರು ಕೇಳಿ ಬರೆದುಕೊಳ್ಳಿರಿ. ನಂಬರು ಬರೆದುಕೊಂಡವನಿಗೆ ಮತ್ತೆ ಕೇಳಲು ಬಾಯಿ ಇರುತ್ತದೆ. ಯಾರಿಗಾದರೂ ಕರೆಂಟು ಹಿಡಿದರೆ ಮುಟ್ಟಬೇಡಿ. ಮೊದಲು ಮೇನ್ ಆರಿಸಿರಿ. ಮನೆಯೊಳಗೆ ಮೇನ್ ಸಿಗದಿದ್ದರೆ ಒಣ ಕಟ್ಟಿಗೆಯಿಂದ ದೂರ ತಳ್ಳಿರಿ, 108ಕ್ಕೆ ಫೋನು ಮಾಡಿರಿ. ದೊಡ್ಡ ಲೈನಿನ ತಂತಿ ಹರಿದು ಬಿದ್ದಿದ್ದರೆ ಕಟ್ಟಿಗೆ ಹಿಡಿದೂ ಹತ್ತಿರ ಹೋಗಬೇಡಿ.

ಮುಂದಿನ ವಾರ ಕೇಂದ್ರಕ್ಕೆ ಬರುವಾಗ ವೈರಿನ ಹಳೆಯ ಡಬ್ಬ, ಸುಟ್ಟ ಹೋಲ್ಡರ್, ಒಡೆದ ಪ್ಲಗ್ಗು ಏನಿದ್ದರೂ ತನ್ನಿರಿ. ಕೂಡಿ ಕೂತು ಅದರ ಮೇಲಿನ ಅಂಕಿ ಓದೋಣ. ಮೋಟಾರು ಇದ್ದವರು ಸ್ಟಾರ್ಟರ್ ಡಬ್ಬದ ಮೇಲಿನ ತಗಡಿನಲ್ಲಿ ಇರುವ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿರಿ. ಎಚ್‌ಪಿ ಎಷ್ಟು, ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು. ತಗಡಿಗೆ ಮಣ್ಣು ಮೆತ್ತಿದ್ದರೆ ಒರೆಸಿರಿ. ಮೇನ್ ಆರಿಸಿ, ಒಣ ಬಟ್ಟೆಯಿಂದ.