ಕಣ್ಣಿನಿಂದ ಕಲಿತ ಇಂಗ್ಲಿಷ್

(ಬಸವನಗುಡಿಯಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ನಾನು ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದವನು. ಮೊದಲ ವರ್ಷ ಒಂದು ದಿನ ಇಂಗ್ಲಿಷ್ ಮೇಷ್ಟ್ರು ಪಾಠವನ್ನು ಗಟ್ಟಿಯಾಗಿ ಓದಲು ನನ್ನನ್ನು ಎಬ್ಬಿಸಿದರು. ಓದುತ್ತ ಹೋದಂತೆ ಸಾಲ ಎಂಬ ಅರ್ಥದ ಪದ ಎದುರಾಯಿತು. ಕಾಗದದ ಮೇಲೆ ಡಿ, ಇ, ಬಿ, ಟಿ ಎಂದಿತ್ತು. 'ಡೆಬ್ಟ್' ಎಂದು ಓದಿದೆ. ತರಗತಿ ಗೊಳ್ಳೆಂದು ನಕ್ಕಿತು. ಸಾಲದ ಅರ್ಥವನ್ನು ನಮ್ಮ ಮನೆಯವರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಹೆಚ್ಚು ಜನ ಇದ್ದಿರಲಾರರು. ಆದರೂ ಆ ವರ್ಷವಿಡೀ ನಾನು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ.

ನಿಮ್ಮಲ್ಲೂ ಹೀಗೆ ಬಾಯಿ ಮುಚ್ಚಿ ಕುಳಿತವರು ಇರಬಹುದು. ಅವರಿಗೆ ನಾನು ಹೇಳಬೇಕಾದುದು ಇಷ್ಟೇ: ಆ ತಪ್ಪು ಬುದ್ಧಿಯದಲ್ಲ, ನಾಲಗೆಯದೂ ಅಲ್ಲ. ಕಿವಿಯಿಂದ ಕಲಿಯಬೇಕಾದ ಭಾಷೆಯನ್ನು ಪುಸ್ತಕವೊಂದನ್ನೇ ನಂಬಿ ಕಣ್ಣಿನಿಂದ ಕಲಿತದ್ದರ ಫಲ ಅದು.

ಆ 'ಬಿ' ಅಕ್ಷರದ ಕಥೆಯನ್ನೇ ಕೇಳಿ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಈ ಪದದಲ್ಲಿ 'ಬಿ' ಇರಲೇ ಇಲ್ಲ. ಇದರ ಮೂಲ ಲ್ಯಾಟಿನ್ನಿನ 'ದೇಬಿತುಮ್' ಎಂದು ತೋರಿಸಲು ಮುಂದೆ ಪಂಡಿತರು ಅದನ್ನು ಬರಹದಲ್ಲಿ ಸೇರಿಸಿದರು. ಜನರ ಬಾಯಿಗೆ ಅದು ಇಳಿಯಲೇ ಇಲ್ಲ. ಚಾಕುವಿಗೆ 'ನೈಫ್' ಎನ್ನುವಾಗ ಮೌನವಾಗಿರುವ 'ಕೆ'ಯದು ಇದಕ್ಕೆ ತಿರುಗುಮುರುಗಾದ ಕಥೆ. ಒಂದು ಕಾಲಕ್ಕೆ ಅದನ್ನು ನಿಜವಾಗಿಯೂ ಉಚ್ಚರಿಸುತ್ತಿದ್ದರು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ಮೇಲೆ ಬರಹ ಮೆಲ್ಲಮೆಲ್ಲಗೆ ಗಟ್ಟಿಯಾಯಿತು. ಸುಮಾರು 1400ರಿಂದ 1700ರವರೆಗೆ ದೀರ್ಘಸ್ವರಗಳೆಲ್ಲ ಜಾಗ ಬದಲಿಸಿದವು. ಮಾತು ಮುಂದೆ ಹೋಯಿತು, ಬರಹ ಹಿಂದೆ ಉಳಿಯಿತು.

ಕನ್ನಡದಲ್ಲಿಯೂ ಮಾತು ಬದಲಾಗಿದೆ. 'ಪಾಲು' 'ಹಾಲು' ಆಯಿತು. ಆದರೆ ನಾವು ಬರಹವನ್ನೂ ಜತೆಗೆ ಕರೆದೊಯ್ದೆವು. ಹೀಗಾಗಿ ಬರೆದಂತೆ ಓದುವುದು ನಮಗೆ ಸಹಜ. ಆದರೂ ನಾವು 'ಬ್ರಹ್ಮ' ಎಂದು ಬರೆದು 'ಬ್ರಮ್ಹ' ಎನ್ನುತ್ತೇವೆ, 'ಚಿಹ್ನೆ' ಎಂದು ಬರೆದು 'ಚಿನ್ಹೆ' ಎನ್ನುತ್ತೇವೆ. ಯಾರೂ ನಗುವುದಿಲ್ಲ, ಏಕೆಂದರೆ ಅವನ್ನು ನಾವು ಮೊದಲು ಕಿವಿಯಿಂದ ಕಲಿತವರು.

ಇನ್ನು ಒತ್ತಿನ ವಿಚಾರ. ನಾನು ಹೇಳುತ್ತಿರುವುದು ಒತ್ತಕ್ಷರವನ್ನಲ್ಲ, ದನಿಯ ಒತ್ತನ್ನು. ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಅರ್ಥ ಬದಲಾಗುತ್ತದೆ: ಬಳೆ ಬೇರೆ, ಬಾಳೆ ಬೇರೆ. ದನಿಯ ಒತ್ತಿನಿಂದ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಪದಕ್ಕೆ ಜೀವವೇ ಈ ಒತ್ತು. 'ಫೋಟೋಗ್ರಾಫ್' ಎನ್ನುವಾಗ ಅದು ಮೊದಲ ಭಾಗದ ಮೇಲಿದೆ. ಅದನ್ನು ತೆಗೆಯುವವನ ಹೆಸರಿನಲ್ಲಿ ಎರಡನೆಯದರ ಮೇಲೆ ಬೀಳುತ್ತದೆ: ಫ-'ಟಾ'-ಗ್ರ-ಫರ್. 'ಫೋಟೋಗ್ರಾಫಿಕ್' ಎಂದರೆ ಮೂರನೆಯದಕ್ಕೆ ಜಿಗಿಯುತ್ತದೆ. ಒತ್ತು ಬೀಳದ ಸ್ವರಗಳು ಹಲವು ಕಡೆ ಕುಗ್ಗಿ, 'ಅ'ಕಾರಕ್ಕೆ ಹತ್ತಿರದ ಮಂಕು ದನಿಯಾಗುತ್ತವೆ. ನಾವು ಎಲ್ಲ ಅಕ್ಷರಗಳಿಗೂ ಪಂಕ್ತಿಯಲ್ಲಿ ಬಡಿಸಿದಂತೆ ಸಮನಾಗಿ ದನಿ ಕೊಡುತ್ತೇವೆ. ಕೇಳುವವರಿಗೆ ಅರ್ಥವಾಗದಿರುವುದು ಹೆಚ್ಚಾಗಿ ಇದರಿಂದಲೇ.

ಕಠಿಣ ಪದಗಳ ಭಂಡಾರಕ್ಕೆ ಬರೋಣ. ಇಲ್ಲಿ ಕನ್ನಡ ಓದಿದವರ ಕೈಯಲ್ಲಿ ಒಂದು ಬೀಗದ ಕೈ ಇದೆ. 'ವಹ್' ಎಂಬ ಸಂಸ್ಕೃತ ಧಾತುವಿಗೆ ಹೊರು, ಒಯ್ಯು ಎಂಬ ಅರ್ಥ. ಅದರಿಂದಲೇ ವಾಹನ, ಪ್ರವಾಹ, ವಿವಾಹ, ನಿರ್ವಹಣೆ ಬಂದವು. ಲ್ಯಾಟಿನ್ನಿನಲ್ಲಿ ಇದೇ ಅರ್ಥದ ಪದ 'ಪೋರ್ತಾರೆ'. ನಮ್ಮ ರೈಲು ನಿಲ್ದಾಣದ ಪೋರ್ಟರ್ ಅದರ ಕುಟುಂಬದವನು. ಟ್ರಾನ್ಸ್‌ಪೋರ್ಟ್, ಇಂಪೋರ್ಟ್, ಎಕ್ಸ್‌ಪೋರ್ಟ್, ರಿಪೋರ್ಟ್ ಅವನ ನೆಂಟರು. ಪ್ರ, ವಿ, ನಿರ್ ಎಂಬ ಉಪಸರ್ಗಗಳನ್ನು ಬಿಡಿಸಿ ನೋಡಿದವರಿಗೆ ಇವನ್ನು ಬಿಡಿಸುವುದು ಕಷ್ಟವಲ್ಲ. ಒಂದೊಂದೇ ಪದ ಉರು ಹೊಡೆಯುವ ಬದಲು ಕುಟುಂಬವನ್ನೇ ಮನೆಗೆ ಕರೆಯಿರಿ. ಜತೆಗೆ ಒತ್ತನ್ನೂ ಗಮನಿಸಿ: 'ಇಂಪೋರ್ಟ್' ನಾಮಪದವಾದರೆ ಒತ್ತು ಮೊದಲಿಗೆ, ಕ್ರಿಯಾಪದವಾದರೆ ಕೊನೆಗೆ.

ಉದ್ದದ ಪದವೇ ಒಳ್ಳೆಯ ಇಂಗ್ಲಿಷ್ ಎಂಬ ಭ್ರಮೆ ಮಾತ್ರ ಬೇಡ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಆಸ್ಥಾನದಿಂದ, ನ್ಯಾಯಾಲಯದಿಂದ ಹರಿದು ಬಂದವು. ಆದ್ದರಿಂದ ಮನೆಮಾತಿಗೆ 'ಬಿಗಿನ್', ಸಭೆಯ ಗಾಂಭೀರ್ಯಕ್ಕೆ 'ಕಮೆನ್ಸ್'. ಈ ತಾರತಮ್ಯ ನಮಗೆ ಹೊಸದೇ? ಆಮಂತ್ರಣ ಪತ್ರಿಕೆಯಲ್ಲಿ 'ಭೋಜನ' ಎಂದು ಅಚ್ಚು ಹಾಕಿಸುತ್ತೇವೆ. ಬಂದವರನ್ನು 'ಊಟಕ್ಕೇಳಿ' ಎನ್ನುತ್ತೇವೆ.

ಈ ಬಡಾವಣೆಯಲ್ಲೇ ಉದಾಹರಣೆ ಇದೆ. ಮೆಟ್ರಿಕ್ಯುಲೇಷನ್ ದಾಟದ ಡಿ.ವಿ. ಗುಂಡಪ್ಪನವರು (1887–1975) 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದರು. 1945ರಲ್ಲಿ ಅವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇಲ್ಲೇ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ 'ಇಂಗ್ಲಿಷ್ ಗೀತಗಳು' ಕೊಟ್ಟು ಕನ್ನಡ ಕಾವ್ಯದ ದಾರಿಯನ್ನೇ ತಿರುಗಿಸಿದರು. ಕನ್ನಡವನ್ನು ಹಿಂದೆ ಬಿಟ್ಟು ಇಂಗ್ಲಿಷಿಗೆ ಹೋದವರಲ್ಲ ಇವರು.

ಹಾಗಾದರೆ ನೀವು ಏನು ಮಾಡಬೇಕು? ಮೊದಲನೆಯದಾಗಿ, ಕಲಿಯುವವರಿಗೆಂದೇ ಬರೆದ ನಿಘಂಟನ್ನು ಇಟ್ಟುಕೊಳ್ಳಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಸಂಗಡಿಗರ ನಿಘಂಟು 1942ರಲ್ಲಿ ಅಲ್ಲೇ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂದು ಲೋಕವೆಲ್ಲ ಹರಡಿತು. ಇಂದಿನ ಅದರ ಆವೃತ್ತಿಗಳಲ್ಲಿ ಒತ್ತು ಬೀಳುವ ಭಾಗದ ಮುಂಚೆ ಒಂದು ಸಣ್ಣ ನಿಲುಗೆರೆ ಇರುತ್ತದೆ. ಅರ್ಥಕ್ಕಿಂತ ಮೊದಲು ಅದನ್ನು ನೋಡಿ. ಎರಡನೆಯದಾಗಿ, ಈಗ ಮೊಬೈಲಿನ ನಿಘಂಟೇ ಪದವನ್ನು ನುಡಿದು ಕೇಳಿಸುತ್ತದೆ. ನಮಗೆ ಆ ಭಾಗ್ಯವಿರಲಿಲ್ಲ. ಕೇಳಿ, ಗಟ್ಟಿಯಾಗಿ ಹೇಳಿ. ಮೂರನೆಯದಾಗಿ, ದಿನಕ್ಕೆ ಐದೇ ಪದ ಕಲಿಯಿರಿ. ಅದರ ಅರ್ಥವನ್ನು ನಿಮ್ಮದೇ ಕನ್ನಡದಲ್ಲಿ ಹೇಳಿಕೊಳ್ಳಿ. ಆಗದಿದ್ದರೆ ಅದು ಇನ್ನೂ ನಿಮ್ಮದಾಗಿಲ್ಲ.

ಆಮೇಲೂ ನಿಮ್ಮ ಇಂಗ್ಲಿಷಿನಲ್ಲಿ ಕನ್ನಡದ ಸೊಗಡು ಉಳಿದರೆ ಉಳಿಯಲಿ. ಎದುರಿನವರಿಗೆ ಅರ್ಥವಾದರೆ ಸಾಕು. ಇಂಗ್ಲಿಷರು ಬೆಂಗಳೂರನ್ನು ತಮ್ಮ ಬಾಯಿಗೆ ಬಂದಂತೆ 'ಬ್ಯಾಂಗಲೋರ್' ಮಾಡಿಕೊಂಡರು. ಅವರ ಬರಹದಲ್ಲಿ ಅದು ಅಧಿಕೃತವಾಗಿ 'ಬೆಂಗಳೂರು' ಆದದ್ದು 2014ರ ನವೆಂಬರ್ 1ರಂದು. ಅಲ್ಲಿಯವರೆಗೆ ಅವರೇನೂ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿರಲಿಲ್ಲ.

ನಾಳೆ ನಿಮ್ಮ ತರಗತಿಯಲ್ಲಿ ಯಾರಾದರೂ 'ಡೆಬ್ಟ್' ಎಂದು ಓದಿದರೆ ನಗಬೇಡಿ. ಆ 'ಬಿ' ಅಲ್ಲಿಗೆ ಹೇಗೆ ಬಂತೆಂದು ಬಿಡುವಿನಲ್ಲಿ ಅವರಿಗೆ ಹೇಳಿ.