ಕಣ್ಣಿಗೆ ಸೂಜಿ ಹಾಕಿಸಿಕೊಂಡ ಮೇಲೆ...

ಇವತ್ತು ರಾಜಕೀಯ ಪಕ್ಕಕ್ಕಿಡೋಣ. ಕಣ್ಣಿನ ವಿಷಯ ಮಾತಾಡೋಣ.

ಕಣ್ಣು ಕೆಂಪಾದ್ರೆ ನಮ್ಮಲ್ಲಿ ಎಲ್ಲರೂ ಡಾಕ್ಟರೇ. "ಮದ್ರಾಸ್ ಐ ಕಣ್ರೀ, ನಾಲ್ಕು ದಿನದಲ್ಲಿ ಹೋಗುತ್ತೆ" ಅಂತಾರೆ. ಆದರೆ ಕೆಲವು ಸಲ ಉರಿಯೂತ ಇರೋದು ಕಣ್ಣಿನ ಒಳಗೆ. ಅದರ ಹೆಸರು ಯುವಿಯೈಟಿಸ್. ಕಣ್ಣಿನ ಹಿಂಭಾಗಕ್ಕೆ ಬಂದರೆ ಕೆಂಪೂ ಇರಲ್ಲ, ನೋವೂ ಇರಲ್ಲ. ಬರೀ ಮಂಜು ಮಂಜು, ಕಣ್ಣ ಮುಂದೆ ಕಪ್ಪು ಚುಕ್ಕೆ. ಇದು ವಯಸ್ಸಾದವರ ಕಾಯಿಲೆ ಅಂದುಕೋಬೇಡಿ. ಮನೆ ನಡೆಸೋ, ದುಡಿಯೋ ವಯಸ್ಸಿನವರನ್ನೇ ಹೆಚ್ಚಾಗಿ ಕಾಡುತ್ತೆ.

ರೆಟಿನಾದ ನಡುಭಾಗ ಊದಿಕೊಂಡರೆ ಕಣ್ಣಿನೊಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತಾರೆ. ಊತ ಇಳಿಯುತ್ತೆ, ಅಕ್ಷರ ಮತ್ತೆ ಕಾಣುತ್ತೆ. ಮನೆಯವರೆಲ್ಲ ನಿಟ್ಟುಸಿರು ಬಿಡ್ತಾರೆ. ಆದರೆ ಆ ಔಷಧಿಯ ಬಲ ಕೆಲವೇ ತಿಂಗಳು. ಆಮೇಲೆ?

ಇದಕ್ಕೆ ಉತ್ತರ ಹುಡುಕಿದವರಿದ್ದಾರೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ವೈದ್ಯರು ಇಂಥ 255 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕಣ್ಣಿನೊಳಗೆ ಸ್ಟೀರಾಯ್ಡ್ ಇಂಪ್ಲಾಂಟ್. ಇದು ಸೂಜಿಮದ್ದಲ್ಲ, ಆಪರೇಷನ್ ಮಾಡಿ ಕೂರಿಸೋದು. ಸುಮಾರು ಮೂರು ವರ್ಷ ಮದ್ದು ಸುರಿಸುತ್ತೆ. ಇನ್ನೊಂದು ಗುಂಪಿಗೆ ಇಡೀ ದೇಹಕ್ಕೆ ಹೋಗುವ ಔಷಧಿ: ಸ್ಟೀರಾಯ್ಡ್, ಜೊತೆಗೆ ಬೇಕಾದವರಿಗೆ ರೋಗನಿರೋಧಕ ಶಕ್ತಿಯನ್ನು ಹದ್ದುಬಸ್ತಿನಲ್ಲಿಡುವ ಮದ್ದು. ಎರಡು ವರ್ಷಕ್ಕೆ ನೋಡಿದರು, ದೃಷ್ಟಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಏಳು ವರ್ಷಕ್ಕೆ ನೋಡಿದರು, ಚಿತ್ರವೇ ಬದಲಾಗಿತ್ತು! 2017ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಎರಡನೇ ಗುಂಪಿನವರು ಕಣ್ಣಿನ ಚಾರ್ಟಿನಲ್ಲಿ ಸರಾಸರಿ ಏಳು ಅಕ್ಷರದಷ್ಟು ಮುಂದಿದ್ದರು. ಅಂದರೆ ಒಂದು ಸಾಲಿಗಿಂತ ಹೆಚ್ಚು. ಇಂಪ್ಲಾಂಟ್ ಗುಂಪಿನಲ್ಲಿ ಪೊರೆ, ಗ್ಲಾಕೋಮಾ ಜಾಸ್ತಿ. ಏಳು ವರ್ಷ ಪೂರ್ತಿ ಎಲ್ಲ ರೋಗಿಗಳೂ ಜೊತೆಗಿರಲಿಲ್ಲ ಅನ್ನೋದನ್ನೂ ಹೇಳಬೇಕು.

ಹಾಗಾದರೆ ಇಂಜೆಕ್ಷನ್ ಬೇಡವಾ? ಖಂಡಿತ ಹಾಗಲ್ಲ. ಊತ ಬೇಗ ಇಳಿಸೋಕೆ ಅದು ಬೇಕೇ ಬೇಕಾಗಬಹುದು. ಆದರೆ ಸೂಜಿ ಬೆಂಕಿಯನ್ನು ಆರಿಸುತ್ತೆ, ಬೆಂಕಿ ಹತ್ತಿದ್ದು ಯಾಕೆ ಅಂತ ಹೇಳಲ್ಲ. ಕಾರಣ ಕ್ಷಯವೇ ಆಗಿರಬಹುದು, ಸಂಧಿವಾತವೇ ಆಗಿರಬಹುದು. ರಕ್ತಪರೀಕ್ಷೆ, ಎಕ್ಸ್‌ರೇ ಬರೆದುಕೊಟ್ಟರೆ "ಕಣ್ಣಿಗ್ಯಾಕ್ರೀ ಎದೆ ಫೋಟೋ?" ಅಂತ ಜಗಳ ಆಡಬೇಡಿ.

ಇನ್ನೊಂದು ಮಾತು. ಸ್ಟೀರಾಯ್ಡ್‌ನಿಂದ ಕಣ್ಣಿನೊಳಗಿನ ಪ್ರೆಷರ್ ಏರಬಹುದು. ಅದು ಎಷ್ಟೋ ಸಲ ಗೊತ್ತೇ ಆಗಲ್ಲ, ನೋವೂ ಇರಲ್ಲ. ಸದ್ದಿಲ್ಲದೆ ನರ ಸವೆಯುತ್ತೆ, ಹೋದ ದೃಷ್ಟಿ ವಾಪಸ್ ಬರಲ್ಲ. ಕಣ್ಣು ಚೆನ್ನಾಗಿ ಕಾಣ್ತಿದೆ, ಬಸ್ ಚಾರ್ಜು ದಂಡ, ಒಂದು ದಿನದ ಕೂಲಿ ಹೋಗುತ್ತೆ ಅಂತ ಚೆಕಪ್ ತಪ್ಪಿಸ್ತೀವಲ್ಲ, ಕಣ್ಣು ಕಳೆದುಕೊಳ್ಳೋದು ಅಲ್ಲೇ.

ಡಾಕ್ಟರ್ ಕೊಟ್ಟ ಮುಂದಿನ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಾಣ್ತಿರುವಾಗಲೇ ಹೋಗಿ ತೋರಿಸಿ.